ಬ್ರಷ್‌ನಲ್ಲಿ ಉಳಿಸಿದ ಕೂದಲು

ಪ್ರಭಾಳ ತಲೆ ಬಾಚುವುದು ಹತ್ತು ನಿಮಿಷದ ಕೆಲಸ. ಬಾಚಿದ ಬ್ರಷ್ಷನ್ನು ಚೊಕ್ಕ ಮಾಡುವುದಕ್ಕೆ ಅವಳ ತಾಯಿ ಶರಣಮ್ಮನಿಗೆ ಅರ್ಧ ಗಂಟೆ ಹಿಡಿಯುತ್ತಿತ್ತು.

ಟೈಫಾಯ್ಡ್ ಬಿಟ್ಟು ಎರಡು ತಿಂಗಳಾಗಿತ್ತು. ಮಗಳಿಗೆ ಊಟ ಸೇರುತ್ತಿತ್ತು, ಕೆನ್ನೆ ತುಂಬುತ್ತಿತ್ತು. ಕೂದಲು ಮಾತ್ರ ಜ್ವರ ಬಿಟ್ಟ ಮೇಲೆಯೇ ಉದುರಲು ಶುರುವಾಗಿತ್ತು. ದೀಪಾವಳಿಯ ದಿನ ಎಣ್ಣೆಸ್ನಾನ ಮಾಡಿ ಬಂದವಳು ಬಾಚಿಕೊಳ್ಳುತ್ತ ಕೈಗೆ ಬಂದ ಮುದ್ದೆಯನ್ನು ನೋಡಿ ಎರಡು ದಿನ ಅನ್ನ ಮುಟ್ಟಿರಲಿಲ್ಲ. ಗಂಡಿನ ಕಡೆಯ ದಾವಣಗೆರೆಯವರು ಜ್ವರಕ್ಕೆ ಮೊದಲೇ ನೋಡಿ ಒಪ್ಪಿ ಹೋಗಿದ್ದರು. ಜ್ವರದಿಂದ ನಿಶ್ಚಿತಾರ್ಥ ಮುಂದೆ ಬಿದ್ದಿತ್ತು. ಹುಡುಗನ ತಾಯಿ ಶಿವಲಿಂಗಮ್ಮ ನೋಡಲು ಬಂದ ದಿನ ಪ್ರಭಾಳ ಜಡೆಯನ್ನು ಅಂಗೈಯಲ್ಲಿ ತೂಗಿ ನೋಡಿ, "ನಮ್ಮನೇಲಿ ಇಂಥಾ ಕೂದ್ಲು ಯಾರಿಗೂ ಇಲ್ಲ ಬಿಡವ್ವಾ" ಅಂದಿದ್ದರು.

"ನಿನಗಿನ್ನೂ ನಿಶ್ಶಕ್ತಿ, ಕೈ ಎತ್ತಬೇಡ" ಎಂದು ದೀಪಾವಳಿಯಿಂದೀಚೆಗೆ ಶರಣಮ್ಮನೇ ಬಾಚತೊಡಗಿದಳು. ಗಂಡ ಈರಪ್ಪ ಫ್ಯಾಕ್ಟರಿ ಬಸ್ಸಿಗೆ ಹೊರಟ ಮೇಲೆ ಮಗಳನ್ನು ಬೆನ್ನು ತನ್ನ ಕಡೆ ಮಾಡಿ ಕೂರಿಸಿಕೊಳ್ಳುವಳು. ಬ್ರಷ್ ಒಂದು ಸಲ ಇಳಿದರೆ ಮುಳ್ಳುಗಳ ನಡುವೆಲ್ಲ ಕಪ್ಪು. ಜಡೆ ಮುಗಿಸಿ, "ಎಣ್ಣೆ ಅಂಟಿದೆ, ತೊಳ್ಕೊಂಡು ಬರ್ತೀನಿ ಇರು" ಎಂದು ಬ್ರಷ್ಷನ್ನು ಸೆರಗಿನಲ್ಲಿ ಮುಚ್ಚಿಕೊಂಡು ಬಚ್ಚಲಿಗೆ ಹೋಗಿ ಅಗಳಿ ಹಾಕುವಳು.

ಮೊದಲು ಬಾಚಣಿಗೆಯ ಬಾಲದಿಂದ ಕೂದಲನ್ನು ಬುಡದಿಂದ ಎತ್ತಬೇಕು. ಸುತ್ತಿಕೊಂಡಿದ್ದನ್ನು ಕತ್ತರಿಯಲ್ಲಿ ಸೀಳಬೇಕು. ಆಮೇಲೆ ಉಗುರುಬೆಚ್ಚನೆ ನೀರಿಗೆ ಒಂಚೂರು ಶಾಂಪೂ ಹಾಕಿ ಹಳೆಯ ಹಲ್ಲುಜ್ಜೋ ಬ್ರಷ್ಷಿನಿಂದ ತಿಕ್ಕಬೇಕು. ದಾಸರಹಳ್ಳಿಯ ಬೋರ್ ನೀರು ಮುಳ್ಳಿಗೆಲ್ಲ ಬಿಳಿ ಹಿಡಿಸುತ್ತದೆಂದು ಕುಡಿಯುವ ನೀರಿನಲ್ಲೇ ತೊಳೆಯುವಳು. ರಬ್ಬರಿನ ಮೆತ್ತೆಯೊಳಗೆ ನೀರು ಇಳಿಯದಂತೆ ಕವುಚಿ ಹಿಡಿದು, ಬಟ್ಟೆಯಲ್ಲಿ ಒತ್ತಿ ಒರೆಸುವಳು. ಎಲ್ಲ ಮುಗಿದ ಮೇಲೆ, ಕಿತ್ತ ಕೂದಲಿನಿಂದಲೇ ಕೆಲವೇ ಎಳೆ ಎಣಿಸಿ ಆರಿಸಿ ಮತ್ತೆ ಮುಳ್ಳಿಗೆ ಸಿಕ್ಕಿಸುವಳು. ಒಂದೂ ಇಲ್ಲದಿದ್ದರೆ ಯಾರು ನಂಬುತ್ತಾರೆ?

ಪ್ರಭಾ ಕಾಯುತ್ತ ಕೂತಿರುವಳು. ಬ್ರಷ್ಷನ್ನು ಕಿಟಕಿಯ ಬೆಳಕಿಗೆ ಹಿಡಿದು ಎಣಿಸುವಳು. "ನಿನ್ನೆ ಒಂಬತ್ತಿತ್ತು ಕಣಮ್ಮಾ, ಇವತ್ತು ಏಳು!" ಕ್ಯಾಲೆಂಡರಿನ ಮೂಲೆಯಲ್ಲಿ ಬರೆದಿಡುವಳು.

"ಜಡೆ ಸಣ್ಣ ಆದಂಗಿದೆ ಅಲ್ವಾ?"

"ಜ್ವರದಲ್ಲಿ ಹೋಗಿದ್ದು ಹೋಯ್ತು. ಈಗ ನಿಂತಿದೆಯಲ್ಲ, ಬ್ರಷ್ಷೇ ಹೇಳುತ್ತೆ ನೋಡು."

ಮಾರನೆಯ ದಿನ ಶರಣಮ್ಮ ಆರು ಎಳೆ ಸಿಕ್ಕಿಸಿದಳು.

ಆ ಭಾನುವಾರ ನಿಶ್ಚಿತಾರ್ಥಕ್ಕೆ ದಿನ ಗೊತ್ತು ಮಾಡಲು ಶಿವಲಿಂಗಮ್ಮ ಬಂದರು. ಕೈಯಲ್ಲಿ ಒಂದು ಮಾರು ಮಲ್ಲಿಗೆ. ಈರಪ್ಪ ವಿಭೂತಿ ಧರಿಸಿ ಹೊಸ ಅಂಗಿ ಹಾಕಿಕೊಂಡಿದ್ದ. ಉಪ್ಪಿಟ್ಟು, ಕಾಫಿ ಆಯಿತು.

"ಬಾರವ್ವಾ, ಹೂವಾ ಮುಡಿಸ್ತೀನಿ" ಅಂದರು ಶಿವಲಿಂಗಮ್ಮ.

ಯಾರ ಎದುರೂ ಬಾಯಿ ಬಿಡದ ಪ್ರಭಾ ಅವತ್ತು ಎಂದೂ ಇಲ್ಲದ ಧೈರ್ಯದಿಂದ, "ನೀವೇ ಬಾಚಿ ಮುಡಿಸಿ ಅತ್ತೆ. ಕೂದ್ಲು ಉದುರೋದು ಪೂರ್ತಿ ನಿಂತಿದೆ. ಇವತ್ತು ಬರೀ ಮೂರು" ಅಂದು, ಬ್ರಷ್ಷನ್ನು ಅವರ ಕೈಗೇ ಕೊಟ್ಟು ಜಡೆ ಬಿಚ್ಚಿಬಿಟ್ಟಳು.

"ಬೇಡ ಬಿಡೇ, ಅವ್ರಿಗ್ಯಾಕೆ ಎಣ್ಣೆ ಕೈ..." ಶರಣಮ್ಮ ಎದ್ದಳು.

"ನನ್ ಸೊಸೆ ತಲೆ ನಾ ಬಾಚಬಾರ್ದೇನ್ರೀ?" ನಗುತ್ತಲೇ ಶಿವಲಿಂಗಮ್ಮ ನೆತ್ತಿಯಿಂದ ಬ್ರಷ್ ಇಳಿಸಿದರು. ಎರಡನೇ ಸಲ ಇಳಿಸಿದರು. ಮೂರನೇ ಸಲಕ್ಕೆ ಕೈ ನಿಂತಿತು. ಬ್ರಷ್ ತುಂಬಿ ಹೊರಗೆ ಜೋತಿತ್ತು. ಅವರ ಮಡಿಲಲ್ಲಿ, ಚಾಪೆಯ ಮೇಲೆ, ಎಲ್ಲ ಕಡೆ ಕೂದಲು. ಪ್ರಭಾ ತಿರುಗಿ ನೋಡಿದಳು.

"ಇರ್ಲಿ ಬಿಡವ್ವಾ, ಏನಾಗಲ್ಲ" ಅಂದರು ಶಿವಲಿಂಗಮ್ಮ. ಕೆಟ್ಟ ಹೆಂಗಸಲ್ಲ ಅವರು. ಉಳಿದಷ್ಟು ಕೂದಲಿಗೇ ಹೂ ಮುಡಿಸಿದರು, ಮಡಿಲು ಕೊಡವಿಕೊಂಡರು. ದಿನದ ಮಾತು ಮಾತ್ರ ಎತ್ತಲಿಲ್ಲ. "ಊರಿಗೆ ಹೋಗಿ ಹೇಳಿ ಕಳಿಸ್ತೀವಿ" ಎಂದು ಹೊರಟರು. ಬಸ್ ಹತ್ತಿಸಲು ಈರಪ್ಪನೂ ಹೋದ.

ಪ್ರಭಾ ಕೂತಲ್ಲೇ ಇದ್ದಳು.

"ಎಷ್ಟು ದಿನದಿಂದಮ್ಮ?"

"ಮೊದ್ಲಿಂದ."

"ಆ ಒಂಬತ್ತು, ಏಳು, ಆರು..."

"ನಾನೇ ಸಿಕ್ಕಿಸ್ತಿದ್ದೆ."

ಮಗಳು ಅತ್ತಿದ್ದರೆ ಚೆನ್ನಾಗಿತ್ತು. ಅವಳು ಮುಡಿದ ಹೂವನ್ನು ಮೆಲ್ಲಗೆ ತೆಗೆದು ಚಾಪೆಯ ಮೇಲಿಟ್ಟಳು. ಶರಣಮ್ಮ ಪಕ್ಕದಲ್ಲಿ ಕುಸಿದು ಅವಳ ಕೈ ಹಿಡಿದಳು.

"ಪ್ರಭಾ, ಇಲ್ಲಿ ಕೇಳು. ಡಾಕ್ಟ್ರು ನನ್ ಹತ್ರ ಹೇಳಿದಾರೆ. ಈ ಜ್ವರ ಬಂದೋರಿಗೆ ಹೀಗೇ ಉದುರುತ್ತಂತೆ. ಆರೇಳು ತಿಂಗ್ಳಲ್ಲಿ ಎಲ್ಲಾ ವಾಪಸ್ ಬರುತ್ತಂತೆ."

ಇದು ನಿಜವಾಗಿತ್ತು. ಒಂದಕ್ಷರವೂ ಹೆಚ್ಚಿಗೆ ಸೇರಿಸಿರಲಿಲ್ಲ.

"ಹೂಂ" ಅಂದಳು ಪ್ರಭಾ, ಮಕ್ಕಳಿಗೆ ಹೂಂ ಅನ್ನುವ ಹಾಗೆ.

"ಆಣೆ ಕಣೇ! ನಾಳೆ ಬಾ, ಡಾಕ್ಟ್ರನ್ನ ನೀನೇ ಕೇಳು."

"ಅವ್ರಿಗೂ ನೀನು ಹೇಳಿಕೊಟ್ಟಿರ್ತೀಯಮ್ಮ."

ದನಿಯಲ್ಲಿ ಕೋಪವಿರಲಿಲ್ಲ. ಕೈ ಬಿಡಿಸಿಕೊಂಡು ಎದ್ದು, ಬಾಯಿಗೆ ಬಂದ ಕೂದಲೊಂದನ್ನು ಬೆರಳಿಂದ ತೆಗೆಯುತ್ತ ಒಳಗೆ ಹೋದಳು. ಶರಣಮ್ಮ ಬಾಗಿಲಾಚೆಯಿಂದ ಮತ್ತೆ ಅದೇ ಮಾತು ಹೇಳಿದಳು, ಆರೇಳು ತಿಂಗಳು ಅಷ್ಟೇ ಎಂದು. ಹೇಳುತ್ತ ಹೇಳುತ್ತ ಅವಳದೇ ಕಿವಿಗೆ ಅದು ಸುಳ್ಳಿನಂತೆ ಕೇಳತೊಡಗಿತು.