ಒಪೆರಾದಲ್ಲಿ ಗಟ್ಟಿಮೇಳ

ಕೆಲವು ವಾರಗಳಿಂದ ಸೌಜನ್ಯಳ ಅಡುಗೆಮನೆಯಲ್ಲಿ ಬೆಳಗಾಗುತ್ತಿದ್ದುದೇ ಕಷಾಯದ ವಾಸನೆಯಿಂದ. ಶುಂಠಿ, ಮೆಣಸು, ಜ್ಯೇಷ್ಠಮಧು, ಕಲ್ಲುಸಕ್ಕರೆ ಹಾಕಿ ಕುದಿಸಿ, ಫ್ಲಾಸ್ಕಿಗೆ ಬಗ್ಗಿಸಿ ಮಗಳ ಬ್ಯಾಗಿನಲ್ಲಿಡುತ್ತಿದ್ದಳು. ಮೈತ್ರಿ ಯೂನಿವರ್ಸಿಟಿ ಡಿಸ್ಟ್ರಿಕ್ಟಿನ ಕಾಲೇಜಿನಲ್ಲಿ ಓದುತ್ತಿದ್ದಳು. ಅಲ್ಲಿನ ವಿದ್ಯಾರ್ಥಿಗಳು ಹದಿನೆಂಟನೆಯ ಶತಮಾನದ ಇಟಾಲಿಯನ್ ಹಾಸ್ಯ ಒಪೆರಾ ಒಂದನ್ನು ಆಡುವವರಿದ್ದರು. ಅವಳಿಗೂ ಒಂದು ಪಾತ್ರ ಸಿಕ್ಕಿತ್ತು. ಒಪೆರಾ ಎಂದ ಮೇಲೆ ಹಾಡುವುದೇ ತಾನೆ? ಚಿಕ್ಕಂದಿನಿಂದ ಸಂಗೀತ ಕಲಿಸಿದ್ದು ಸಾರ್ಥಕವಾಯಿತೆಂದು ಸೌಜನ್ಯ ಮಗಳಿಗೆ ಮೊಸರು, ಐಸ್‌ಕ್ರೀಮ್ ಎರಡನ್ನೂ ನಿಲ್ಲಿಸಿದಳು. ತಾವಿದ್ದ ಟೋಟೆಮ್ ಲೇಕ್ ಬಡಾವಣೆಯ ಕನ್ನಡದ ಸ್ನೇಹಿತರಿಗೆಲ್ಲ ಫೋನು ಮಾಡಿ, "ನಮ್ಮ ಮೈತ್ರಿ ಹಾಡ್ತಾಳೆ, ಬರಲೇಬೇಕು" ಎಂದಳು.

ಪ್ರದರ್ಶನದ ದಿನ ಮೈತ್ರಿ ಫ್ಲಾಸ್ಕನ್ನು ಮನೆಯಲ್ಲೇ ಬಿಟ್ಟುಹೋಗಿದ್ದಳು. ಸೌಜನ್ಯ ಅದನ್ನು ಹಿಡಿದು ರಂಗದ ಹಿಂದಕ್ಕೆ ಹೋದಾಗ, ಮುಖಕ್ಕೆ ಪೌಡರು ಬಳಿದುಕೊಂಡ ಎತ್ತರದ ಹುಡುಗಿಯೊಬ್ಬಳು ಓಡಿಬಂದಳು. ಅವಳು ನಾಯಕಿಯ ಪಾತ್ರದ ಹ್ಯಾನಾ. "ಮೈತ್ರಿಯ ಅಮ್ಮ ನೀವೇನಾ? ದಿನಾ ನಿಮ್ಮ ಈ ಟೀ ಕುಡಿಯದಿದ್ದರೆ ನನ್ನ ಗಂಟಲು ಎಂದೋ ಕಟ್ಟಿಹೋಗುತ್ತಿತ್ತು" ಎಂದು ಇಂಗ್ಲಿಷಿನಲ್ಲಿ ಹೇಳಿ ಲೋಟ ತುಂಬಿಸಿಕೊಂಡಳು.

ಅವಳ ಹಿಂದೆ, ಹುಲ್ಲಿನ ಟೋಪಿ, ತೇಪೆ ಕೋಟು ಹಾಕಿಕೊಂಡು ಮೈತ್ರಿ ನಿಂತಿದ್ದಳು.

"ಅಮ್ಮಾ, ನಂದು ಗಾರ್ಡನರ್ ರೋಲ್. ಹಿ ಈಸ್ ಮ್ಯೂಟ್."

"ಅಂದ್ರೆ? ಒಂದು ಹಾಡೂ ಇಲ್ವಾ?"

"ಒಂದು ಮಾತೂ ಇಲ್ಲ. ಯೂ ವರ್ ಸೋ ಹ್ಯಾಪಿ, ಹೇಳೋಕಾಗ್ಲಿಲ್ಲ."

"ಅಲ್ವೇ, ಮೂರು ಕಾರು ಜನ ಬಂದು ಕೂತಿದಾರಲ್ಲೇ!"

"ಐ ನೋ. ಆದ್ರೆ ಗಂಟಲು ಕೆಟ್ಟಿದೆ ಅಂತ ಮಾತ್ರ ಹೇಳ್ಬೇಡ, ಪ್ಲೀಸ್. ಈ ರೋಲ್ ನಾನೇ ಕೇಳಿ ತಗೊಂಡಿದ್ದು."

ಆ ಸುಳ್ಳು ಆಗಲೇ ಸೌಜನ್ಯಳ ಬಾಯಿಗೆ ಬಂದಾಗಿತ್ತು.

ಆಟ ಶುರುವಾಯಿತು. ಜಿಪುಣ ಮುದುಕನೊಬ್ಬ ತಾನು ಸಾಕಿದ ಹುಡುಗಿಯನ್ನೇ ಆಸ್ತಿಗಾಗಿ ಮದುವೆಯಾಗಲು ಹೊರಟಿದ್ದ. ಅವಳಿಗೆ ಬೇರೊಬ್ಬನ ಮೇಲೆ ಮನಸ್ಸು. ಮೂಕ ತೋಟಗಾರ ಆ ಪ್ರೇಮಿಗಳಿಬ್ಬರ ನಡುವೆ ಓಲೆ ಹೊತ್ತು ಓಡಾಡುತ್ತಿದ್ದ. ವಿರಾಮದಲ್ಲಿ ಹಿಂದಿನ ಸಾಲಿನ ಜಾನಕಿ ಬಗ್ಗಿ ಕೇಳಿದಳು:

"ಏನ್ರೀ ಸೌಜನ್ಯ, ಮೈತ್ರಿ ಹಾಡೋದು ಯಾವಾಗ? ವಿಡಿಯೋಗೆ ಅಂತ ಫೋನ್ ಹಿಡ್ದೂ ಹಿಡ್ದೂ ಕೈ ಬಿದ್ದುಹೋಯ್ತು."

"ಅವಳಿಗೆ ಗಂ..." ಎಂದ ಸೌಜನ್ಯ ಅಲ್ಲಿಗೇ ನಿಲ್ಲಿಸಿದಳು. "ಹಾಡಲ್ಲ ಜಾನಕಿ. ಅವಳದು ಮೂಕನ ಪಾತ್ರ. ಅವಳೇ ಕೇಳಿ ತಗೊಂಡಿದ್ದು. ನಾನೇ ತಪ್ಪು ತಿಳ್ಕೊಂಡು ಎಲ್ಲರಿಗೂ ಹೇಳ್ಬಿಟ್ಟೆ."

"ಒಪೆರಾದಲ್ಲಿ ಮೂಕನಾ! ಒಳ್ಳೇ ಚೆನ್ನಾಗಿದೆ!" ಎಂದು ಜಾನಕಿ ನಕ್ಕಳು. ಸೌಜನ್ಯಳ ಕಿವಿ ಬಿಸಿಯಾಯಿತು. ಪಕ್ಕದಲ್ಲಿದ್ದ ಅತ್ತೆ ವಸಂತಲಕ್ಷ್ಮಿ ಕನ್ನಡಕ ಒರೆಸಿಕೊಂಡು ರಂಗದತ್ತ ತಿರುಗಿದರು.

ವಿರಾಮದ ನಂತರ ಪ್ರೇಮಿಗಳ ಗುಟ್ಟಿನ ಮದುವೆ. ಪಾದ್ರಿ ಸಿಗದೆ ತೋಟಗಾರನಿಗೇ ಕರಿಯ ನಿಲುವಂಗಿ ತೊಡಿಸಿ ನಿಲ್ಲಿಸಿದರು. ಮಾತು ಬಾರದ ಪಾದ್ರಿ ಮದುವೆ ಮಾಡಿಸುವುದು ಹೇಗೆ? ಮೈತ್ರಿ ನಿಲುವಂಗಿಯನ್ನೆತ್ತಿ ಸೊಂಟಕ್ಕೆ ಸಿಕ್ಕಿಸಿದಳು. ತುಟಿಯನ್ನು ಪಟಪಟ ಆಡಿಸಿದಳು. ನಡುವೆ ಆಕಳಿಸಿದಳು, ಹತ್ತಿರ ಕೂರು ಎಂದು ವರನನ್ನು ಕೈಸನ್ನೆಯಲ್ಲೇ ಗದರಿದಳು. ಆಮೇಲೆ ವಾದ್ಯದವರತ್ತ ತಿರುಗಿ ತೋರುಬೆರಳನ್ನು ಮೇಲೆತ್ತಿ ಜೋರಾಗಿ ಅಲ್ಲಾಡಿಸಿದಳು. ಪಿಟೀಲುಗಳೆಲ್ಲ ಒಮ್ಮೆಲೇ ಮೊಳಗಿದವು.

ಹೋದ ವರ್ಷ ಮೈಸೂರಿನಲ್ಲಿ ಅವಳ ಚಿಕ್ಕಪ್ಪ ಕೇಶವನ ಮದುವೆಯಲ್ಲಿ ಪುರೋಹಿತರು ಗಟ್ಟಿಮೇಳ ಬಾರಿಸಲು ಹೇಳಿದ್ದು ಹೀಗೆಯೇ. ಮೂರು ಕಾರಿನ ಜನರೂ ಹೋ ಎಂದು ನಕ್ಕರು. ಅವರ ನಗು ಕೇಳಿ ಇಡೀ ಸಭೆ ನಕ್ಕಿತು. ವಸಂತಲಕ್ಷ್ಮಿಯ ಕೈ ತಾನಾಗಿ ಎದ್ದು, ಇಲ್ಲದ ಅಕ್ಷತೆಯನ್ನು ವಧೂವರರ ಮೇಲೆ ಎರಚಿಬಿಟ್ಟಿತು.

"ಥೇಟ್ ನಮ್ಮ ಶಾಸ್ತ್ರಿಗಳೇ ಕಣೇ!" ಎಂದು ಅವರು ಸೊಸೆಯ ತೋಳು ಹಿಡಿದರು. ಸೌಜನ್ಯಳಿಗೆ ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು.

ಆಟ ಮುಗಿದ ಮೇಲೆ ಮೈತ್ರಿ ನೇರವಾಗಿ ಅಮ್ಮನ ಹತ್ತಿರ ಬಂದಳು.

"ವಾಟ್ ಡಿಡ್ ಯೂ ಟೆಲ್ ದೆಮ್?"

"ಹಾಡಲ್ಲ ಅಂದೆ. ನೀನೇ ಕೇಳಿ ತಗೊಂಡ ಪಾತ್ರ ಅಂದೆ."

"ಆರ್ ಯೂ ಸ್ಯಾಡ್?"

"ಸ್ವಲ್ಪ," ಎಂದಳು ಸೌಜನ್ಯ. "ಹಾಡಿದ್ರೆ ಚೆನ್ನಾಗಿರ್ತಿತ್ತು ಅಂತ ಇಂಟರ್‌ವಲ್ ತನಕ ಅನ್ನಿಸ್ತಿತ್ತು. ಆಮೇಲೆ ಮರ್ತೇಹೋಯ್ತು." ದುಪಟ್ಟಾದ ತುದಿಯಿಂದ ಮಗಳ ಕೆನ್ನೆಯ ಬಣ್ಣ ಒರೆಸಿದಳು. "ನಡಿ, ಅಜ್ಜಿ ಆಗ್ಲಿಂದ ನಿಂತಿದಾರೆ, ಇನ್ನೊಂದ್ಸಲ ಮಾಡಿ ತೋರಿಸ್ಬೇಕಂತೆ."