ಅತ್ತಿಗೆ ಎಸೆದ ಮಾತ್ರೆ

ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಅತ್ತಿಗೆ ಬಟ್ಟೆ ಕತ್ತರಿಸುತ್ತಿದ್ದಳು, ನಾದಿನಿ ಕಾಲರ್ ಹೊಲಿಯುತ್ತಿದ್ದಳು. ಬೆಳಗ್ಗೆ ಎದ್ದಾಗ ನಾದಿನಿಯ ಬೆರಳುಗಳು ಮಡಚಲಾಗದಷ್ಟು ಬಿಗಿದಿರುತ್ತಿದ್ದವು. ಔಷಧದಂಗಡಿಯವನು ವೈದ್ಯರ ಚೀಟಿಯನ್ನೂ ಕೇಳದೆ ಕೊಡುತ್ತಿದ್ದ ಪುಟ್ಟ ಬಿಳಿ ಮಾತ್ರೆಯನ್ನು ತಿಂಡಿಯಾದ ಮೇಲೆ ನುಂಗಿದರೆ, ಮಧ್ಯಾಹ್ನದ ಹೊತ್ತಿಗೆ ಅವಳ ಯಂತ್ರವೇ ಎಲ್ಲರಿಗಿಂತ ಮುಂದೆ ಓಡುತ್ತಿತ್ತು ಎಂಬುದು ಜೊತೆಯವರ ಮಾತು.

ತಿಂಗಳುಗಳು ಕಳೆದಂತೆ ಅವಳ ಕೆನ್ನೆಗಳು ಉಬ್ಬಿದವು. ಅತ್ತಿಗೆ ಅವಳ ಅಂಗಿಯ ಹೊಲಿಗೆ ಬಿಚ್ಚಿ ಸಡಿಲ ಮಾಡಿಕೊಡುತ್ತಾ, "ನನ್ನ ಅಡುಗೆ ನಿನ್ನ ಮೈಗೆ ಹತ್ತಿದೆ ಕಣೆ. ನಿಮ್ಮಣ್ಣನಿಗೂ ಸ್ವಲ್ಪ ಹೇಳು" ಎಂದು ಬೀಗುತ್ತಿದ್ದಳು.

ಒಂದು ದಿನ ಪಕ್ಕದ ಯಂತ್ರದವಳು ಆ ಮಾತ್ರೆಯನ್ನು ನೋಡಿ, ಅತ್ತಿಗೆಗೂ ಕೇಳುವಂತೆ, "ಅಯ್ಯೋ, ನಮ್ಮ ಚಿಕ್ಕಮ್ಮನ ಮೂಳೆ ಟೊಳ್ಳಾಗಿದ್ದು ಇದರಿಂದಲೇ" ಎಂದಳು. ಅಂದು ಸಂಜೆಯೇ ಅತ್ತಿಗೆ ಮನೆಯಲ್ಲಿದ್ದ ಮಾತ್ರೆಗಳನ್ನೆಲ್ಲ ಚರಂಡಿಗೆ ಸುರಿದಳು.

"ನಿಮಗೇನು ಅತ್ತಿಗೆ, ನಿಮ್ಮ ಬೆರಳು ಬಗ್ಗುತ್ತೆ. ನಾನು ಹೊಲೀದಿದ್ರೆ ನಾಳೆ ಮೇಸ್ತ್ರಿ ಮನೆಗೆ ಕಳಿಸ್ತಾನೆ!"

"ಕಳಿಸಲಿ ಬಿಡು, ನಾನಿದ್ದೀನಲ್ಲ. ತಿಳಿದೂ ತಿಳಿದೂ ವಿಷ ತಿನ್ನಿಸ್ಲಾ?"

ಎರಡು ದಿನವಾದ ಮೇಲೆ ನಾದಿನಿಗೆ ವಾಂತಿ ಶುರುವಾಯಿತು. ಎದ್ದು ನಿಂತರೆ ಕಣ್ಣು ಕತ್ತಲಿಡುತ್ತಿತ್ತು. "ವಿಷ ಇಳೀತಿದೆ, ಸ್ವಲ್ಪ ತಡ್ಕೋ" ಎಂದು ಅತ್ತಿಗೆ ಅವಳ ಹಣೆ ಒರೆಸಿದಳು. ಮರುದಿನ ನಾದಿನಿ ಕರೆದರೂ ಕಣ್ಣು ತೆರೆಯಲಿಲ್ಲ.

ಆಸ್ಪತ್ರೆಯಲ್ಲಿ ಅವಳಿಗೆ ಎಚ್ಚರ ಬಂದ ಮೇಲೆ ವೈದ್ಯೆ ಅತ್ತಿಗೆಯನ್ನು ಹೊರಗೆ ಕರೆದು ಕೂರಿಸಿದಳು. "ಈ ಮಾತ್ರೆ ನೋವನ್ನ ಬೇಗ ಇಳಿಸುತ್ತೆ. ಮುಖ ಊದಿಸೋದು, ಮೂಳೆ ಸವೆಸೋದು ಮಾತ್ರ ನಿಧಾನವಾಗಿ. ಇಂಥದ್ದೇ ರಸವನ್ನ ಮೈಯೊಳಗಿನ ಗ್ರಂಥಿ ತಾನೇ ಮಾಡ್ತಾ ಇರುತ್ತೆ. ಹೊರಗಿಂದ ದಿನಾ ಬರ್ತಿದ್ರೆ ಅದು ಕೆಲಸ ಬಿಟ್ಟು ಮಲಗಿಬಿಡುತ್ತೆ. ನೀವು ಒಂದೇ ಸಲಕ್ಕೆ ನಿಲ್ಲಿಸಿದ್ರಿ. ಅದು ಅಷ್ಟು ಬೇಗ ಏಳಲ್ಲಮ್ಮ, ಆ ರಸ ಇಲ್ಲದೆ ಜೀವ ನಿಲ್ಲಲ್ಲ."

"ಕೊಟ್ರೂ ಕೆಡುಕು, ಬಿಟ್ರೂ ಕೆಡುಕು. ನಾನೇನ್ ಮಾಡ್ಲಿ ಡಾಕ್ಟ್ರೇ?"

"ಕೊಡಿ. ನಾವು ಹೇಳಿದಷ್ಟೇ ಕೊಡಿ, ಹೇಳಿದಾಗ ಮಾತ್ರ ಕಡಿಮೆ ಮಾಡಿ. ಗ್ರಂಥಿ ಯಾವಾಗ ಏಳುತ್ತೆ ಅಂತ ನಾನೂ ಹೇಳಲಾರೆ."

ತಿಂಗಳುಗಳ ನಂತರ, ಮಾತ್ರೆಯನ್ನು ಮೊದಲ ಬಾರಿ ಅರ್ಧಕ್ಕಿಳಿಸಿದ ಬೆಳಗ್ಗೆ, ಅತ್ತಿಗೆ ಅದನ್ನು ಅಂಗೈಯಲ್ಲಿಟ್ಟುಕೊಂಡು ಕೂತಳು. ಬಟ್ಟೆ ಕತ್ತರಿಸುವಾಗಿನಂತೆಯೇ, ಗೆರೆ ತಪ್ಪದಂತೆ ಅದನ್ನು ಎರಡಾಗಿ ಮುರಿದಳು.

"ವಿಷ ಅಂದಿದ್ರಲ್ಲ ಅತ್ತಿಗೆ?" ನಾದಿನಿ ಸಣ್ಣಗೆ ನಕ್ಕಳು.

ಅತ್ತಿಗೆ ಒಂದು ಲೋಟ ನೀರು ತಂದಳು. ಮುರಿದ ಅರ್ಧವನ್ನು ಅವಳ ನಾಲಿಗೆಯ ಮೇಲಿಟ್ಟಳು. ಉಳಿದರ್ಧವನ್ನು ಕಾಗದದಲ್ಲಿ ಸುತ್ತಿ, ಚಿನ್ನದ ಚೂರನ್ನು ಎತ್ತಿಡುವಂತೆ, ನಾಳೆಗೆಂದು ಎತ್ತಿಟ್ಟಳು.