ಕರೆದರೆ ಬರುವ ಅಪ್ಪ

"ಎಲ್ಲೇ ಇರು, ಎಷ್ಟೊತ್ತೇ ಆಗಿರಲಿ, 'ಬಾ ಅಪ್ಪ' ಅಂದರೆ ಬಂದು ಕರ್ಕೊಂಡು ಹೋಗ್ತೀನಿ. ಯಾಕೆ, ಏನು ಅಂತ ಕೇಳೋದೂ ಇಲ್ಲ."

ಹೆಂಡತಿ ತೀರಿಕೊಂಡ ವರ್ಷ, ರಾತ್ರಿ ಪಾಳಿಗೆ ಹೊರಡುವ ಮುಂಚೆ ಪುಟ್ಟ ಮಗಳನ್ನು ಅಕ್ಕನ ಮನೆಯಲ್ಲಿ ಬಿಡುತ್ತ ಅವನು ಕೊಟ್ಟ ಮಾತು ಅದು. ಅಳು ನಿಲ್ಲಲಿ ಅಂತ ಕೊಟ್ಟಿದ್ದು. ಮಕ್ಕಳು ಅಂಥದ್ದನ್ನು ಗಂಟು ಹಾಕಿ ಇಟ್ಟುಕೊಳ್ಳುತ್ತವೆ. ಅಕ್ಕನ ಮನೆಯಿಂದ, ಗೆಳತಿಯ ಹುಟ್ಟುಹಬ್ಬದಿಂದ, ಶಾಲೆಯ ಪ್ರವಾಸದ ಅರ್ಧ ದಾರಿಯಿಂದ, ಕರೆದಾಗಲೆಲ್ಲ ಹೋಗಿ ಕರೆತಂದಿದ್ದ.

"ನೀನೇ ಅವಳನ್ನ ಕೆಡಿಸಿದ್ದು," ಅಕ್ಕ ಬೈಯುತ್ತಿದ್ದಳು. "ತಲೆ ಮೇಲೆ ಕೂರಿಸ್ಕೊಂಡಿದ್ದೀಯ. ಇಳಿಸೋದು ಯಾವಾಗ?"

"ನನ್ನ ತಲೆ, ನನ್ನ ಮಗಳು. ಭಾರ ನಿಂಗ್ಯಾಕೆ ಅಕ್ಕ?"

ಸಿಟ್ಟು ಸದಾ ಮೂಗಿನ ತುದಿಯಲ್ಲೇ ಇರುತ್ತಿದ್ದರಿಂದ ಆ ಹುಡುಗಿಗೆ ಮನೆಯಲ್ಲಿ ಮೆಣಸು ಅಂತಲೇ ಹೆಸರು. ಕಾಡಿನ ಶಾಲೆಗೆ ಹೋಗುತ್ತೇನೆ ಅಂತ ಹಟ ಹಿಡಿದವಳೂ ಅವಳೇ. ಅರ್ಧ ವರ್ಷ ಕಾಡಿನಲ್ಲೇ ಪಾಠ. ಬೆಂಚಿಲ್ಲ, ಗೋಡೆಯಿಲ್ಲ. ಬೆನ್ನಿಗೆ ಚೀಲ, ಮಲಗಲು ಟೆಂಟು. ನೆರಳು ಅಳೆದು ಲೆಕ್ಕ ಕಲಿಯಬೇಕು, ಹಳ್ಳದ ಕಲ್ಲು ಮಗುಚಿ ವಿಜ್ಞಾನ.

ಫೋನು ಬಂದಾಗ ಅವನು ಆಸ್ಪತ್ರೆಯ ಲಾಂಡ್ರಿಯಲ್ಲಿ ಬಿಸಿ ಬಿಸಿ ಹಾಸುಬಟ್ಟೆ ಮಡಚುತ್ತಿದ್ದ. "ಬಾ ಅಪ್ಪ," ಅಷ್ಟೇ ಹೇಳಿ ಇಟ್ಟುಬಿಟ್ಟಳು. ಪಾಳಿ ಮುಗಿದದ್ದೇ ಮನೆಗೂ ಹೋಗದೆ ಬಸ್ಸು ಹತ್ತಿದ. ಕಣ್ಣು ಎಳೆಯುತ್ತಿತ್ತು, ಆದರೆ ರಸ್ತೆಯ ಗುಂಡಿಗಳು ಮಲಗಲು ಬಿಡಬೇಕಲ್ಲ. ಬಸ್ಸಿಳಿದ ಮೇಲೆ ಏರುದಾರಿ. ಲಾಂಡ್ರಿಯ ಸಿಮೆಂಟು ನೆಲದ ಮೇಲೆ ನಿಂತು ನಿಂತು ಹಾಳಾದ ಮಂಡಿ ಒಂದೊಂದು ಹೆಜ್ಜೆಗೂ ಹೆಸರು ಹಿಡಿದು ಬೈಯಿತು.

ಕಾಡಿನಂಚಿನ ಮರದ ಮನೆಯೇ ಶಾಲೆಯ ಬಿಡಾರ. ಹಗ್ಗದ ತುಂಬ ಒದ್ದೆ ಕಾಲುಚೀಲ. ಬಿಸಿಲಿಗೆ ಮೂಗು ಸುಲಿದ ಮೇಡಂ ತಗಡಿನ ಲೋಟದಲ್ಲಿ ಚಹಾ ತಂದುಕೊಟ್ಟರು. ಅವನು ಏನೂ ಕೇಳಲಿಲ್ಲ. ಅವರೇ ಹೇಳಿದರು.

ಅಲ್ಲಿ ದಿನಕ್ಕೊಬ್ಬರು ಮುಂದಾಳು. ನಕ್ಷೆ ಅವರ ಕೈಯಲ್ಲಿ. ಉಳಿದವರೆಲ್ಲ, ಮೇಡಂ ಸಮೇತ, ಬಾಯಿ ಮುಚ್ಚಿಕೊಂಡು ಹಿಂದೆ ನಡೆಯಬೇಕು. ಮುಂದಾಳು ಕೇಳಿದರೆ ಮಾತ್ರ ಹೇಳಬಹುದು. ಮೆಣಸಿನ ಸರದಿಯ ದಿನ ಹಳ್ಳ ಕವಲೊಡೆಯುವಲ್ಲಿ ಅವಳು ತಪ್ಪು ಕವಲು ಹಿಡಿದಳು. ಅನುಮಾನ ಬಂದರೂ ಯಾರನ್ನೂ ಕೇಳಲಿಲ್ಲ. ಕೇಳಿದರೆ ಸೋತ ಹಾಗೆ ಅಂದುಕೊಂಡಳೋ ಏನೋ. ಎಲ್ಲರೂ ಕತ್ತಲಾಗುವ ತನಕ ನೀರಿನಲ್ಲೇ ನಡೆದರು.

"ನಿಮಗೆ ದಾರಿ ಗೊತ್ತಿತ್ತಾ?" ಅಂದ.

"ಗೊತ್ತಿತ್ತು. ಅಪಾಯ ಇದ್ದಿದ್ರೆ ತಡೀತಿದ್ದೆ."

"ನಮ್ಮ ಲಾಂಡ್ರಿಯಲ್ಲಿ ಹಿಂಗೆ ಸುಮ್ನಿದ್ರೆ ಮಾರನೇ ದಿನ ಮನೇಲೇ ಸುಮ್ನಿರ್ಬೇಕಾಗುತ್ತೆ."

ಮೇಡಂ ನಕ್ಕರು. "ಕರ್ಕೊಂಡು ಹೋಗೋದಾದ್ರೆ ನಮ್ದೇನೂ ಅಡ್ಡಿಯಿಲ್ಲ. ಟೆಂಟು ಮಡಚ್ತಿದ್ದಾಳೆ, ಬರ್ತಾಳೆ."

ಹೊರಗೆ ಮೆಟ್ಟಿಲ ಮೇಲೆ ಉದ್ದ ಕಾಲಿನ ಹುಡುಗಿಯೊಬ್ಬಳು ಒಬ್ಬಳೇ ಕೂತಿದ್ದಳು. ಎರಡೂ ಹಿಮ್ಮಡಿಗೆ ಬ್ಯಾಂಡೇಜು.

"ಅಂಕಲ್, ನೀವು ಮೆಣಸಿನ ಅಪ್ಪ ಅಲ್ವಾ?"

"ಇಲ್ಲೂ ಮೆಣಸೇನಾ?"

"ಮತ್ತಿನ್ನೇನು? ಬಾಯಿ ಬಿಟ್ರೆ ಉರಿ. ನಂಗೆ ಕೊಕ್ಕರೆ ಅಂತಾರೆ." ಕಾಲು ತೋರಿಸಿದಳು. "ಒದ್ದೆ ಬೂಟು ಸುಲಿದುಬಿಡ್ತು. ಅದಕ್ಕೆ ನಂಗೇನೂ ಕೋಪ ಇಲ್ಲ. ಆದ್ರೆ ರಾತ್ರಿ ಎಲ್ರೂ ಸುತ್ತ ಕೂತಾಗ ಬಾಯಿ ತಪ್ಪಿ ಅಂದ್ಬಿಟ್ಟೆ, ದಾರಿ ತಪ್ಪಿದ್ದು ನಂಗೆ ಹಳ್ಳದ ಹತ್ರಾನೇ ಗೊತ್ತಾಗಿತ್ತು, ನೀನು ಕೇಳ್ಲಿಲ್ಲ ಅಂತ. ಅವಳು ಎದ್ದು ಹೋದವಳೇ ನಿಮಗೆ ಫೋನ್ ಮಾಡಿದ್ಲು. ಈಗ ಯಾರೂ ನನ್ನ ಹತ್ರ ಸರಿಯಾಗಿ ಮಾತಾಡ್ತಿಲ್ಲ. ಅವಳು ಹೊರಟುಹೋದ್ರೆ ನಾನೇ ಓಡಿಸಿದೆ ಅಂತಾರೆ, ಕೊನೇವರೆಗೂ."

"ನೀನೂ ಮನೆಗೆ ಫೋನ್ ಮಾಡ್ಬೇಕಿತ್ತು."

"ನಮ್ಮಪ್ಪನಿಗಾ? ಬಸ್ಸಿನ ಟೈಮ್ ಹೇಳಿ ಇಟ್ಬಿಡ್ತಾರೆ, ನೀನೇ ಹತ್ಕೊಂಡು ಬಾ ಅಂತ." ನಗಲು ನೋಡಿದಳು, ಆಗಲಿಲ್ಲ.

ಅಷ್ಟರಲ್ಲಿ ಮೆಣಸು ಬಂದಳು. ಕಪ್ಪಾಗಿದ್ದಳು, ಸೊರಗಿದ್ದಳು. ಮೆಟ್ಟಿಲ ಕಡೆ ತಿರುಗಿಯೂ ನೋಡದೆ, "ನಡಿ ಅಪ್ಪ," ಅಂದಳು. ಅವನು ಚೀಲ ಹೆಗಲಿಗೇರಿಸಿ ಹೊರಟ. ಇಳಿಜಾರಿನ ಮೊದಲ ತಿರುವಿನಲ್ಲಿ ಚೀಲ ಕೆಳಗಿಟ್ಟು ಅದರ ಮೇಲೇ ಕೂತ.

"ಸುಸ್ತಾಯ್ತಾ? ಕೊಡು, ನಾನೇ ಹೊರ್ತೀನಿ."

"ವಾಪಸ್ ಹೋಗು ಮಗಳೇ."

"ಏನು?"

"ನೀನು ಹೋದ್ರೆ ತಪ್ಪನ್ನೆಲ್ಲ ಆ ಹುಡುಗಿ ತಲೆಗೆ ಕಟ್ತಾರೆ."

"ಓ! ಚಾಡಿ ಹೇಳಿದ್ಲಾ?"

"ಹಿಮ್ಮಡಿಯಲ್ಲಿ ಚರ್ಮಾನೇ ಇಲ್ಲ ಅವಳಿಗೆ, ಚಾಡಿ ಎಲ್ಲಿಂದ ತರ್ತಾಳೆ?"

"ನಾನು ಯಾರ ಮುಖ ನೋಡ್ಲಿ ಅಲ್ಲಿ? ಊರಿಗೆಲ್ಲ ಒಂದು ದಾರಿ, ಎಡವಟ್ಟನಿಗೇ ಒಂದು ದಾರಿ ಅಂತ ಹಾಡ್ತಾರೆ." ಅವಳ ದನಿ ಒಡೆಯಿತು. "ನೀನು ಮಾತು ಕೊಟ್ಟಿದ್ದೆ ಅಪ್ಪ."

"ಕೊಟ್ಟಿದ್ದೆ."

"ಮತ್ತೆ?"

ಇವಳನ್ನು ಎತ್ತಿಕೊಂಡು ಮನೆಗೆ ಹೋಗಿ ಇಬ್ಬರೂ ಎರಡು ದಿನ ಮಲಗಿಬಿಡುವ ಆಸೆಯೊಂದೇ ಅವನ ಮೈತುಂಬ ಇತ್ತು. ಮೆಟ್ಟಿಲ ಮೇಲಿನ ಹುಡುಗಿಯ ಆ ಅರ್ಧ ನಗು ಮಾತ್ರ ಕಣ್ಣಿಂದ ಹೋಗುತ್ತಿರಲಿಲ್ಲ.

"ಕರ್ಕೊಂಡು ಹೋಗಲ್ಲ," ಅಂದ.

"ಇನ್ಮೇಲೆ ನಿನ್ನ ಕರೆಯೋದೇ ಇಲ್ಲ. ಸತ್ರೂ ಕರೆಯಲ್ಲ."

ಆ ಮಾತು ನಾಟುವ ಜಾಗದಲ್ಲೇ ನಾಟಿತು. ಅವನು ಎದ್ದ. ಅವಳು ಚೀಲವನ್ನು ದರದರ ಎಳೆದುಕೊಂಡು ಏರು ಹತ್ತಿದಳು. ಹೊರಲಿಲ್ಲ, ಎಳೆದಳು, ಅವನಿಗೆ ಕೇಳಿಸಲಿ ಅಂತ. ಬಿಡಾರದ ಹತ್ತಿರ ನಿಂತಳು. ಮೆಟ್ಟಿಲಿನಿಂದ ಕೊಕ್ಕರೆ ಏನೋ ಅಂದಳು. ಇವಳು ಉತ್ತರ ಕೊಟ್ಟಳೋ ಇಲ್ಲವೋ, ಅಷ್ಟು ದೂರಕ್ಕೆ ಕೇಳಿಸಲಿಲ್ಲ. ಹಿಂತಿರುಗಿಯಂತೂ ನೋಡಲಿಲ್ಲ.

ಅವನು ಮಂಡಿ ಹಿಡಿದುಕೊಂಡು ಇಳಿದು ಬಸ್ಸಿಗೆ ಕಾದ. ಸಂಜೆ ಮತ್ತೆ ಪಾಳಿಯಿತ್ತು. ಮಗಳು ಕರೆದಿದ್ದಳು, ಅವನು ಬಂದಿದ್ದ, ಕರೆದುಕೊಂಡು ಹೋಗಲಿಲ್ಲ. ಕೊಟ್ಟ ಮಾತು ಮುರಿದ.